ಅಂಗಳದಿಂದ ಆಕಾಶ: ಕಾಸರಗೋಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಇಸ್ರೋದ ಸುದ್ದಿಯೋ ಗ್ರಹಣದ ಸುದ್ದಿಯೋ ಬಂದ ದಿನ ನನಗೆ ಫೋನು ಜಾಸ್ತಿ. ಬದಿಯಡ್ಕ ಪೇಟೆಯಲ್ಲಿ ತರಕಾರಿ ತೆಗೆಯುವಾಗ, ಮದುವೆ ಊಟದ ಪಂಕ್ತಿಯಲ್ಲಿ, ಸೊಸೈಟಿಗೆ ಹಾಲು ಕೊಡಲು ಹೋದಾಗಲೂ ಅವೇ ಪ್ರಶ್ನೆಗಳು. ನನ್ನ ಕಸುಬು ಅಡಕೆ ಕೃಷಿ. ರಾತ್ರಿ ಆಕಾಶ ನೋಡುವ ಹುಚ್ಚು ಹಿಡಿದು ಇಪ್ಪತ್ತು ವರ್ಷ ದಾಟಿತು. ಅಡಕೆ ಒಣಹಾಕುವ ಅಂಗಳದಷ್ಟು ಒಳ್ಳೆಯ ವೀಕ್ಷಣಾಲಯ ಬೇರೆ ಇಲ್ಲ ಎಂಬುದು ನನ್ನ ಅನುಭವ: ಮರಗಳ ಅಡ್ಡಿ ಇಲ್ಲ, ನೆಲ ಸಮತಟ್ಟು, ಚಾಪೆ ಹಾಸಿದರೆ ಮುಗಿಯಿತು. ಇಲ್ಲಿ ಬರೆದಿರುವುದರಲ್ಲಿ ಹೆಚ್ಚಿನದನ್ನು ನೀವು ನಿಮ್ಮ ಅಂಗಳದಲ್ಲೇ ನಿಂತು ಸರಿಯಾ ತಪ್ಪಾ ಅಂತ ನೋಡಿಕೊಳ್ಳಬಹುದು. ಅಂಥದ್ದನ್ನೇ ಆರಿಸಿ ಉತ್ತರಿಸಿದ್ದೇನೆ.

ಮುಸ್ಸಂಜೆ ಹೊತ್ತಿಗೆ ದೊಡ್ಡದೊಂದು ನಕ್ಷತ್ರ ಮಿನುಗದೆ ಸೀದಾ ಹೋಗ್ತಾ ಉಂಟಲ್ಲ, ಅದು ಎಂತದು?

ಹೆಚ್ಚಿನ ಸಲ ಅದು ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ. ನೆಲದಿಂದ ಸುಮಾರು 400 ಕಿ.ಮೀ. ಎತ್ತರದಲ್ಲಿ, ಗಂಟೆಗೆ ಸುಮಾರು 28,000 ಕಿ.ಮೀ. ವೇಗದಲ್ಲಿ ಓಡುತ್ತದೆ. ಗಲ್ಫಿನಲ್ಲಿ ಮಕ್ಕಳಿರುವವರಿಗೆ ನಾನು ಒಂದು ಲೆಕ್ಕ ಹೇಳುವುದುಂಟು. ದುಬೈಯಿಂದ ಮಂಗಳೂರಿಗೆ ವಿಮಾನ ಮೂರು ಗಂಟೆಗಿಂತ ಹೆಚ್ಚು ತೆಗೆದುಕೊಳ್ಳುತ್ತದೆ. ಅಷ್ಟೇ ದೂರಕ್ಕೆ ಇದಕ್ಕೆ ಆರು ನಿಮಿಷ ಸಾಕು.

ಅದರಲ್ಲಿ ಕಾಣುವ ಬೆಳಕು ಅದರದ್ದಲ್ಲ, ಸೂರ್ಯನದ್ದು. ನಮಗೆ ಕತ್ತಲಾದ ಮೇಲೂ ಅಷ್ಟು ಎತ್ತರದಲ್ಲಿ ಬಿಸಿಲು ಇರುತ್ತದೆ. ಆ ಬಿಸಿಲು ಅದರ ದೊಡ್ಡ ಸೌರಫಲಕಗಳಿಗೆ ಬಿದ್ದು ನಮ್ಮತ್ತ ಹೊಳೆಯುತ್ತದೆ. ಹಾಗಾಗಿಯೇ ಅದು ಕಾಣುವುದು ಸಂಜೆ ಕತ್ತಲಾದ ಮೇಲಿನ ಒಂದೆರಡು ಗಂಟೆ, ಇಲ್ಲವೇ ಬೆಳಗು ಹರಿಯುವ ಮೊದಲಿನ ಒಂದೆರಡು ಗಂಟೆ. ದಿಕ್ಕು ಗಮನಿಸಿ: ಯಾವಾಗಲೂ ಕಡಲಿನ ಕಡೆಯಿಂದ ಏರಿ ಘಟ್ಟದ ಕಡೆಗೆ ಇಳಿಯುತ್ತದೆ. ಕೆಲವೊಮ್ಮೆ ವಾಯವ್ಯದಿಂದ ಆಗ್ನೇಯಕ್ಕೆ, ಕೆಲವೊಮ್ಮೆ ನೈಋತ್ಯದಿಂದ ಈಶಾನ್ಯಕ್ಕೆ. ಘಟ್ಟದಿಂದ ಕಡಲಿಗೆ ಹೋಗುವುದನ್ನು ಯಾರೂ ನೋಡಲಾರರು. ಭೂಮಿ ತಿರುಗುವ ದಿಕ್ಕಿನಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಅದನ್ನು ಹಾರಿಸಿದ್ದಾರೆ.

ವಿಮಾನ ಅಲ್ಲ ಅಂತ ಹೇಗೆ ಗೊತ್ತಾಗುವುದು?

ವಿಮಾನಕ್ಕೆ ಕೆಂಪು, ಹಸಿರು ದೀಪ ಇರುತ್ತದೆ, ಬಿಟ್ಟು ಬಿಟ್ಟು ಮಿಣುಕುತ್ತದೆ. ಮಂಗಳೂರು ಒಂದು ಕಡೆ, 2018ರ ಡಿಸೆಂಬರಿನಿಂದ ಕಣ್ಣೂರು ಇನ್ನೊಂದು ಕಡೆ; ಎರಡು ವಿಮಾನ ನಿಲ್ದಾಣಗಳ ನಡುವೆ ಇರುವ ನಮಗೆ ಇದು ಬೇಗ ರೂಢಿಯಾಗುತ್ತದೆ.

ನಡು ಆಕಾಶಕ್ಕೆ ಬಂದದ್ದು ಹಾಗೇ ಮಾಯವಾಯಿತು, ಮೋಡವೂ ಇರಲಿಲ್ಲ. ಎಲ್ಲಿ ಹೋಯಿತು?

ಭೂಮಿಯ ನೆರಳಿನೊಳಕ್ಕೆ ಹೋಯಿತು. ಮಾಯವಾಗುವ ಹೊತ್ತಿಗೆ ಸರಿಯಾಗಿ ನೋಡಿ. ಒಮ್ಮೆಲೇ ಆರುವುದಿಲ್ಲ, ಬೆಳಕು ಕೆಂಪಗಾಗುತ್ತಾ ಕೆಲವು ಸೆಕೆಂಡಿನಲ್ಲಿ ನಂದುತ್ತದೆ. ಒಳಗಿರುವವರಿಗೆ ಆ ಗಳಿಗೆ ಸೂರ್ಯಾಸ್ತ. ಒಂದೂವರೆ ಗಂಟೆಗೆ ಭೂಮಿಗೆ ಒಂದು ಸುತ್ತಾದ್ದರಿಂದ ದಿನಕ್ಕೆ ಹದಿನೈದು ಹದಿನಾರು ಸೂರ್ಯಾಸ್ತ ಅವರಿಗೆ. ಅದರಲ್ಲೊಂದನ್ನು ನಾವು ಕೆಳಗೆ ಚಾಪೆಯ ಮೇಲೆ ಮಲಗಿ ನೋಡುತ್ತೇವೆ. ನನಗಂತೂ ಎಷ್ಟು ಸಲ ನೋಡಿದರೂ ರೋಮಾಂಚನವಾಗುತ್ತದೆ.

ಶುಭಾಂಶು ಶುಕ್ಲಾ ಅದರೊಳಗೆ ಇದ್ದಾಗ ನಮ್ಮೂರಿಂದ ಕಂಡಿತಾ?

ಅವರು 2025ರ ಜೂನ್ 25ರಂದು ಹೊರಟು, ಮರುದಿನ ನಿಲ್ದಾಣ ಸೇರಿ, ಜುಲೈ 15ರಂದು ಭೂಮಿಗೆ ಮರಳಿದರು. 1984ರಲ್ಲಿ ರಾಕೇಶ್ ಶರ್ಮಾ ಹೋದ ಮೇಲೆ ಬಾಹ್ಯಾಕಾಶಕ್ಕೆ ಹೋದ ಭಾರತದ ಗಗನಯಾತ್ರಿ ಇವರೇ, ಅಂತಾರಾಷ್ಟ್ರೀಯ ನಿಲ್ದಾಣಕ್ಕೆ ಹೋದ ಮೊದಲಿಗರೂ ಇವರೇ. ಆದರೆ ನಮಗದು ಆಷಾಢದ ಜಡಿಮಳೆಯ ಸಮಯ. ಮೂರು ಸಂಜೆ ಕೊಡೆ ಹಿಡಿದು ಅಂಗಳದಲ್ಲಿ ಕಾದೆವು. ಮೂರನೆಯ ದಿನ ಮೋಡದ ಸಂದಿಯಲ್ಲಿ ಹತ್ತು ಸೆಕೆಂಡು ಕಂಡಿತು. ಪಕ್ಕದ ಮನೆಯ ಏಳನೇ ಕ್ಲಾಸಿನ ಹುಡುಗಿ ಎರಡೂ ಕೈ ಎತ್ತಿ ಬೀಸಿದಳು. ಆ ಹತ್ತು ಸೆಕೆಂಡಿಗಾಗಿ ಮೂರು ಸಂಜೆ ಒದ್ದೆಯಾದದ್ದು ಸಾರ್ಥಕ.

ರೈಲಿನ ಡಬ್ಬಿಗಳ ಹಾಗೆ ಸಾಲು ದೀಪ ಹೋಯಿತು. ಹಾರುವ ತಟ್ಟೆಯಾ?

ಸ್ಟಾರ್‌ಲಿಂಕ್ ಉಪಗ್ರಹಗಳು. ಇಂಟರ್‌ನೆಟ್ ಕೊಡಲಿಕ್ಕೆ ಸ್ಪೇಸ್‌ಎಕ್ಸ್ ಕಂಪನಿ 2019ರ ಮೇ ತಿಂಗಳಿನಿಂದ ಗೊಂಚಲು ಗೊಂಚಲಾಗಿ ಹಾರಿಸುತ್ತಿದೆ; ಆ ಮೊದಲ ಗೊಂಚಲಲ್ಲೇ 60 ಇದ್ದವು. ಹಾರಿಸಿದ ಹೊಸತರಲ್ಲಿ ಒಂದರ ಹಿಂದೊಂದು ಸಾಲಾಗಿ ಕಾಣುತ್ತವೆ. ದಿನ ಕಳೆದಂತೆ ಮೇಲೇರಿ ಚದುರುತ್ತವೆ, ಆಮೇಲೆ ಸಾಲು ಕಾಣುವುದಿಲ್ಲ.

ರಾಕೆಟಿನ ಚೂರು ನಮ್ಮ ತೋಟಕ್ಕೆ ಬಿದ್ದರೆ?

ಬೀಳುವ ಸಂಭವ ತೀರಾ ಕಡಿಮೆ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. 2022ರ ಏಪ್ರಿಲ್ 2, ಯುಗಾದಿಯ ಸಂಜೆ, ಮಹಾರಾಷ್ಟ್ರದ ಆಕಾಶದಲ್ಲಿ ಉರಿಯುತ್ತಾ ಹೋದ ಬೆಳಕನ್ನು ಸಾವಿರಾರು ಜನ ನೋಡಿದರು. ಚಂದ್ರಾಪುರ ಜಿಲ್ಲೆಯ ಸಿಂದೇವಾಹಿ ತಾಲೂಕಿನಲ್ಲಿ ಬಾವಿಯ ಕಟ್ಟೆಯಷ್ಟು ಅಗಲದ ಲೋಹದ ಉಂಗುರವೊಂದು ನೆಲಕ್ಕೆ ಬಿತ್ತು. ಚೀನಾದ ರಾಕೆಟೊಂದರ ಅವಶೇಷ ಅದು ಎಂದು ತಜ್ಞರು ಹೇಳಿದರು. ಉಲ್ಕೆ ಒಂದೆರಡು ಸೆಕೆಂಡಿನಲ್ಲಿ ಮುಗಿಯುತ್ತದೆ. ರಾಕೆಟಿನ ಚೂರು ಆಕಾಶ ದಾಟಲು ಅರ್ಧ ನಿಮಿಷವೋ ಒಂದು ನಿಮಿಷವೋ ತೆಗೆದುಕೊಂಡು, ತುಂಡು ತುಂಡಾಗಿ ಹೋಗುತ್ತದೆ. ಬಿದ್ದದ್ದು ಸಿಕ್ಕಿದರೆ ಮುಟ್ಟಬೇಡಿ, ವಿಷಕಾರಿ ಇಂಧನ ಉಳಿದಿರಬಹುದು. ಪೊಲೀಸರಿಗೆ ಹೇಳಿ.

2019ರ ಕಂಕಣ ಗ್ರಹಣಕ್ಕೆ ಜನ ಎಲ್ಲೆಲ್ಲಿಂದಲೋ ನಮ್ಮ ಜಿಲ್ಲೆಗೆ ಬಂದರಲ್ಲ, ಇಲ್ಲಿ ಎಂತ ವಿಶೇಷ?

ಇಷ್ಟದ ಪ್ರಶ್ನೆ, ಸ್ವಲ್ಪ ಉದ್ದ ಹೇಳುತ್ತೇನೆ. ಡಿಸೆಂಬರ್ 26, ಗುರುವಾರ, ಕ್ರಿಸ್‌ಮಸ್ಸಿನ ಮರುದಿನ. ಚಂದ್ರ ಆ ದಿನ ಭೂಮಿಯಿಂದ ಸ್ವಲ್ಪ ದೂರದಲ್ಲಿದ್ದ; ಹಾಗಾಗಿ ಸೂರ್ಯನನ್ನು ಪೂರ್ತಿ ಮುಚ್ಚಲು ಅವನ ಅಗಲ ಸಾಲಲಿಲ್ಲ. ಸುತ್ತ ಬಳೆಯ ಹಾಗೆ ಬೆಳಕು ಉಳಿಯಿತು. ಆ ಬಳೆ ಕಾಣುವ ಪಟ್ಟಿ ಭೂಮಿಯ ಮೇಲೆ ನೂರಿಪ್ಪತ್ತು ಕಿ.ಮೀ. ಆಸುಪಾಸು ಅಗಲ. ಸೌದಿ, ಕತಾರ್, ಒಮಾನ್ ದಾಟಿ ಅರಬ್ಬಿ ಸಮುದ್ರದ ಮೇಲೆ ಹಾದು ಬಂದ ಆ ಪಟ್ಟಿ ಭಾರತದ ನೆಲವನ್ನು ಮೊದಲು ಮುಟ್ಟಿದ್ದು ನಮ್ಮ ಕರಾವಳಿಯಲ್ಲಿ. ಅದರ ನಡುಗೆರೆ ಚೆರ್ವತ್ತೂರಿನ ಹತ್ತಿರ ಹಾದುಹೋಗಿತ್ತು. ಅಲ್ಲಿಂದ ವಯನಾಡು, ಕೊಯಂಬತ್ತೂರು, ತಿರುಚ್ಚಿ ದಾಟಿ ಶ್ರೀಲಂಕಾಕ್ಕೆ ಹೋಯಿತು.

ಬೆಳಗ್ಗೆ ಎಂಟು ಗಂಟೆ ದಾಟುವಾಗ ಹಿಡಿಯಿತು. ಒಂಬತ್ತು ಗಂಟೆಯ ಹೊತ್ತಿಗೆ ಬಿಸಿಲಿನ ಬಣ್ಣ ಬದಲಾಯಿತು. ಮೋಡ ಮುಚ್ಚಿದಾಗಿನ ಮಂಕಲ್ಲ, ನೆರಳುಗಳ ಅಂಚು ಹರಿತವಾಗಿ, ಬಿಸಿಲು ಮಾತ್ರ ತೆಳ್ಳಗೆ. ಒಂಬತ್ತೂಕಾಲು ದಾಟಿದ ಮೇಲೆ ಬಳೆ ಕೂಡಿತು. ಮೂರು ನಿಮಿಷಕ್ಕೆ ಸ್ವಲ್ಪ ಕಡಿಮೆ.

ನಮ್ಮ ಮನೆಯಲ್ಲಿ ಅಜ್ಜಿ ಹೊರಗೆ ಬರಲಿಲ್ಲ. ಗ್ರಹಣ ಬಿಡುವವರೆಗೆ ಅಡುಗೆಮನೆಯಲ್ಲೇ ಕೂತಿದ್ದರು. ಮಾಡಿನ ಹಂಚೊಂದು ಸಣ್ಣಗೆ ಒಡೆದು, ಆ ತೂತಿನಿಂದ ಸುಣ್ಣ ಬಳಿದ ಗೋಡೆಗೆ ದಿನವೂ ಒಂದು ಬೆಳಕಿನ ಬೊಟ್ಟು ಬೀಳುತ್ತಿತ್ತು. ಅಂದು ಆ ಬೊಟ್ಟು ಬಳೆಯಾಯಿತು. ಐದು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದು, ನಡುವೆ ಕಪ್ಪು. "ಇದಾ, ಗೋಡೆಗೆ ಬಂತು ನೋಡು" ಎಂದು ಅಜ್ಜಿಯೇ ನಮ್ಮನ್ನು ಒಳಗೆ ಕರೆದರು. ಹೊರಗೆ ಹಲಸಿನ ಮರದಡಿಯಲ್ಲಿ ಎಲೆಗಳ ಸಂದಿನಿಂದ ಬಿದ್ದ ಬೆಳಕೆಲ್ಲ ಬಳೆ ಬಳೆ. ಮಕ್ಕಳು ತೂತಿನ ಸಟ್ಟುಗ ಹಿಡಿದು ಅಂಗಳದ ತುಂಬ ಸಾಲು ಬಳೆ ಮಾಡಿದರು.

ಸಣ್ಣ ತೂತಿನಿಂದ ಬರುವ ಬೆಳಕು ಸೂರ್ಯನ ಚಿತ್ರವನ್ನೇ ಬರೆಯುತ್ತದೆ. ತೂತಿನಿಂದ ಗೋಡೆಗೆ ಇರುವ ದೂರವನ್ನು 107ರಿಂದ ಭಾಗಿಸಿದರೆ ಆ ಚಿತ್ರದ ಅಗಲ ಸಿಗುತ್ತದೆ. ಮೂರು ಮೀಟರಿಗೆ ಸುಮಾರು 2.8 ಸೆಂ.ಮೀ. ಇವತ್ತೇ ನಿಮ್ಮ ಹಂಚಿನ ಮಾಡಿನ ಕೆಳಗೆ ಅಳೆದು ನೋಡಿ, ಇದಕ್ಕೆ ಗ್ರಹಣ ಬರಬೇಕೆಂದಿಲ್ಲ.

ಸೆಗಣಿ ನೀರಿನಲ್ಲೋ ಎಕ್ಸ್‌ರೇ ಫಿಲ್ಮಿನಲ್ಲೋ ಗ್ರಹಣ ನೋಡಿದರೆ ಸಾಲದಾ?

ಸಾಲದು. ಹಿಂದಿನವರು ನೋಡುತ್ತಿದ್ದರು, ಹೌದು. ಆದರೆ ನೀರು ಬಿಸಿಲಿನ ನೂರರಲ್ಲಿ ಒಂದೆರಡು ಪಾಲನ್ನಾದರೂ ಕಣ್ಣಿಗೆ ತಿರುಗಿಸುತ್ತದೆ. ಸುರಕ್ಷಿತ ಕನ್ನಡಕ ಬಿಡುವುದು ಲಕ್ಷದಲ್ಲಿ ಮೂರ್ನಾಲ್ಕು ಪಾಲಿಗಿಂತಲೂ ಕಡಿಮೆ. ಎಷ್ಟು ಅಂತರ ನೋಡಿ. ಎಕ್ಸ್‌ರೇ ಫಿಲ್ಮ್, ಸಿ.ಡಿ., ಮಸಿ ಹಿಡಿಸಿದ ಗಾಜು, ಎರಡೆರಡು ಕೂಲಿಂಗ್ ಗ್ಲಾಸ್ ಯಾವುದೂ ಬೇಡ. ಕಣ್ಣಿನ ರೆಟಿನಾಕ್ಕೆ ನೋವು ತಿಳಿಸುವ ನರ ಇಲ್ಲ, ಸುಟ್ಟದ್ದು ಆ ಹೊತ್ತಿಗೆ ಗೊತ್ತೇ ಆಗುವುದಿಲ್ಲ. ಐಎಸ್ಒ 12312-2 ಎಂದು ಬರೆದಿರುವ, ಗೀರು ಬೀಳದ ಗ್ರಹಣ ಕನ್ನಡಕ, ಇಲ್ಲವೇ 14ನೇ ನಂಬರಿನ ವೆಲ್ಡಿಂಗ್ ಗಾಜು. ಇವೆರಡೂ ಸಿಗದಿದ್ದರೆ ಅಜ್ಜಿಯ ಗೋಡೆಯ ಉಪಾಯ.

ಚಂದ್ರಗ್ರಹಣಕ್ಕೆ ಇದು ಯಾವುದೂ ಬೇಡ. ಬರಿಗಣ್ಣಲ್ಲಿ ಇಡೀ ರಾತ್ರಿ ನೋಡಬಹುದು.

ಬಸುರಿಯರು ಹೊರಗೆ ಬರಬಹುದಾ? ಗ್ರಹಣದಲ್ಲಿ ಊಟ ಮಾಡಬಹುದಾ?

ಬರಬಹುದು, ಉಣ್ಣಬಹುದು. ಗ್ರಹಣದ ಹೊತ್ತಿಗೆ ಸೂರ್ಯನಿಂದ ಹೊಸ ಕಿರಣ ಯಾವುದೂ ಬರುವುದಿಲ್ಲ, ದಿನವೂ ಬರುವುದರಲ್ಲೇ ಸ್ವಲ್ಪ ಕಡಿಮೆಯಾಗುತ್ತದೆ. ಮನೆಯ ಹಿರಿಯರು ಉಪವಾಸ ಇರುತ್ತಾರೆ, ಉಪ್ಪಿನಕಾಯಿ ಭರಣಿಗೆ ದರ್ಭೆ ಇಡುತ್ತಾರೆ ಎಂದರೆ ಅದು ಅವರ ನಂಬಿಕೆ, ನಾನು ವಾದಕ್ಕೆ ಹೋಗುವುದಿಲ್ಲ. ಆದರೆ ಬಸುರಿ ಹೆಂಗಸನ್ನು ನೀರೂ ಕೊಡದೆ ಕತ್ತಲೆ ಕೋಣೆಯಲ್ಲಿ ಕೂರಿಸಿದರೆ ಮಾತ್ರ ಸುಮ್ಮನಿರಲಾರೆ. ನೀರು, ಆಹಾರ ತಪ್ಪಿಸಿದರೆ ಅವರಿಗೂ ಮಗುವಿಗೂ ತೊಂದರೆ. ಮಕ್ಕಳನ್ನಂತೂ ಒಳಗೆ ಕೂಡಿಹಾಕಬೇಡಿ. ಒಂದೇ ಊರಿನ ಮೇಲೆ ಕಂಕಣ ಮತ್ತೆ ಬರಲು ತಲೆಮಾರುಗಳೇ ಕಳೆಯಬಹುದು.

ನೆರಳೇ ಇಲ್ಲದ ದಿನ ಅಂತ ಉಂಟಂತೆ. ನಮ್ಮಲ್ಲಿ ಯಾವಾಗ?

ಕಾಸರಗೋಡು ಪೇಟೆಗೆ ಏಪ್ರಿಲ್ 23ರ ಆಸುಪಾಸು, ಆಮೇಲೆ ಆಗಸ್ಟ್ 19ರ ಆಸುಪಾಸು. ನಾವಿರುವುದು 12.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ವರ್ಷಕ್ಕೆ ಎರಡು ಸಲ ಸೂರ್ಯ ಸರಿಯಾಗಿ ನಮ್ಮ ನೆತ್ತಿಯ ಮೇಲೆ ಬರುತ್ತಾನೆ. ಏಪ್ರಿಲಿನಲ್ಲಿ ತ್ರಿಕ್ಕರಿಪುರದವರಿಗೆ ಒಂದು ದಿನ ಮೊದಲು, ಮಂಜೇಶ್ವರದವರಿಗೆ ಒಂದು ದಿನ ತಡ. ಆಗಸ್ಟಿನದ್ದನ್ನು ಹೆಚ್ಚಾಗಿ ಮಳೆ ತಿಂದುಹಾಕುತ್ತದೆ, ಏಪ್ರಿಲಿನದ್ದನ್ನು ಬಿಡಬೇಡಿ.

ಎಷ್ಟು ಗಂಟೆಗೆ ಎಂಬುದರಲ್ಲಿ ನಮ್ಮೂರಿಗೆ ಒಂದು ಚಂದದ ಲೆಕ್ಕ ಉಂಟು. ಭಾರತದ ಗಡಿಯಾರ 82.5 ಡಿಗ್ರಿ ರೇಖಾಂಶದ್ದು. ಕಾಸರಗೋಡು 75 ಡಿಗ್ರಿಯಲ್ಲಿದೆ. ವ್ಯತ್ಯಾಸ ಏಳೂವರೆ ಡಿಗ್ರಿ, ಡಿಗ್ರಿಗೆ ನಾಲ್ಕು ನಿಮಿಷದಂತೆ ಸರಿಯಾಗಿ ಅರ್ಧ ಗಂಟೆ. ಅಂದರೆ ನಮ್ಮ ನಿಜವಾದ ಮಧ್ಯಾಹ್ನ ಸರಾಸರಿ ಹನ್ನೆರಡೂವರೆಗೆ. ಭೂಮಿಯ ದಾರಿ ಪೂರ್ತಿ ವೃತ್ತವಲ್ಲದ್ದರಿಂದ ಮತ್ತು ಅದರ ಅಕ್ಷ ಓರೆಯಾಗಿರುವುದರಿಂದ ಅದು ನವೆಂಬರ್ ಆರಂಭದಲ್ಲಿ 12:14ಕ್ಕೂ ಫೆಬ್ರವರಿಯ ನಡುವೆ 12:44ಕ್ಕೂ ಸರಿಯುತ್ತದೆ. ಮಸೀದಿಯ ಮಧ್ಯಾಹ್ನದ ಬಾಂಕಿನ ಸಮಯ ವರ್ಷವಿಡೀ ಚೂರು ಚೂರು ಬದಲಾಗುವುದನ್ನು ಕೇಳಿರುತ್ತೀರಿ. ಅದು ಸೂರ್ಯನನ್ನೇ ಹಿಂಬಾಲಿಸುವ ಗಡಿಯಾರ.

ಏಪ್ರಿಲ್ 23ರಂದು 12:28ಕ್ಕೆ ಸಮತಟ್ಟಾದ ನೆಲದ ಮೇಲೆ ಒಂದು ಸ್ಟೀಲಿನ ಲೋಟ ಇಟ್ಟು ನೋಡಿ. ಹತ್ತು ನಿಮಿಷ ಮೊದಲು ಪಶ್ಚಿಮಕ್ಕೆ ಇದ್ದ ತೆಳು ನೆರಳು ಬುಡದೊಳಕ್ಕೆ ಸರಿದು, ಆಮೇಲೆ ಪೂರ್ವದಲ್ಲಿ ಹೊರಬರುತ್ತದೆ.

ಚಂದ್ರಯಾನ ಇಳಿದ ಜಾಗ ದುರ್ಬೀನಿನಲ್ಲಿ ಕಾಣುತ್ತದಾ?

ಅಲ್ಲಿ ಇಳಿದ ವಿಕ್ರಮ ನೌಕೆ ಕಾಣುವುದಿಲ್ಲ. ಮನೆಯ ಅಕ್ಕಿಪೆಟ್ಟಿಗೆಯಷ್ಟರ ವಸ್ತು, 3.84 ಲಕ್ಷ ಕಿ.ಮೀ. ದೂರ, ನಮ್ಮ ಉಪಕರಣಗಳಿಗೆ ಚಂದ್ರನ ಮೇಲೆ ಕಿಲೋಮೀಟರುಗಟ್ಟಲೆ ಅಗಲದ ಗುಳಿಗಳಷ್ಟೇ ಕಾಣುತ್ತವೆ. ಆದರೆ ಎಲ್ಲಿ ಇಳಿಯಿತು ಎಂದು ಬೆರಳು ತೋರಿಸಬಹುದು. 2023ರ ಆಗಸ್ಟ್ 23, ಸಂಜೆ 6:04ಕ್ಕೆ ಅದು ಇಳಿದದ್ದು ಚಂದ್ರನ 69 ಡಿಗ್ರಿ ದಕ್ಷಿಣ ಅಕ್ಷಾಂಶದ ಹತ್ತಿರ.

ಪುಸ್ತಕದ ಚಿತ್ರಗಳಲ್ಲಿ ಚಂದ್ರನ ದಕ್ಷಿಣ ತುದಿ ಕೆಳಗೆ ಇರುತ್ತದೆ. ನಮ್ಮೂರಲ್ಲಿ ಹಾಗಲ್ಲ. ಹುಣ್ಣಿಮೆಯ ಚಂದ್ರ ಘಟ್ಟದ ಮೇಲೆ ಹುಟ್ಟುವಾಗ ದಕ್ಷಿಣ ತುದಿ ಹೆಚ್ಚುಕಡಿಮೆ ಬಲಗಡೆಗೆ ಇರುತ್ತದೆ. ಬೆಳಗ್ಗೆ ಕಡಲಿಗೆ ಮುಳುಗುವಾಗ ಎಡಗಡೆಗೆ. ಚಂದ್ರನ ಮೊಲವೂ ಹಾಗೆಯೇ ರಾತ್ರಿಯಿಡೀ ಮಗ್ಗುಲು ಬದಲಿಸುತ್ತದೆ.

ಆದಿತ್ಯ ಎಲ್1 ಸೂರ್ಯನಲ್ಲಿ ಇಳಿಯಿತಾ?

ಇಲ್ಲ. 2024ರ ಜನವರಿ 6ರಂದು ಅದು ಸೇರಿದ್ದು ಭೂಮಿಯಿಂದ 15 ಲಕ್ಷ ಕಿ.ಮೀ. ದೂರದ ಜಾಗಕ್ಕೆ. ಸೂರ್ಯನಿಗೆ 15 ಕೋಟಿ ಕಿ.ಮೀ. ಹೋದದ್ದು ನೂರರಲ್ಲಿ ಒಂದು ಪಾಲು. ಅಲ್ಲಿಂದ ಗ್ರಹಣದ ಅಡ್ಡಿಯಿಲ್ಲದೆ ಸೂರ್ಯನನ್ನು ನೋಡುತ್ತಾ ಇರಬಹುದು ಎಂಬುದೇ ಆ ಜಾಗದ ಗುಣ.

ಮಲಯಾಳ ಪತ್ರಿಕೆಯಲ್ಲಿ ಇದಕ್ಕೆ 'ಜ್ಯೋತಿಶಾಸ್ತ್ರ' ಅಂತ ಬರೆಯುತ್ತಾರಲ್ಲ, ಅದು ಜಾತಕ ಹೇಳುವುದಲ್ಲವಾ?

ಗಡಿನಾಡಿನ ನಮ್ಮ ಮಕ್ಕಳಿಗೆ ಇದು ನಿಜವಾಗಿಯೂ ಗೊಂದಲ ಮಾಡುತ್ತದೆ. ಮಲಯಾಳದಲ್ಲಿ ಜ್ಯೋತಿಶಾಸ್ತ್ರಂ ಎಂದರೆ ಖಗೋಳಶಾಸ್ತ್ರ; ಜಾತಕದ್ದಕ್ಕೆ ಅವರು ಜ್ಯೋತಿಷಂ ಎನ್ನುತ್ತಾರೆ. ನಮ್ಮಲ್ಲಿ ಜ್ಯೋತಿಷ್ಯಶಾಸ್ತ್ರ ಎಂದರೆ ಭವಿಷ್ಯ ಹೇಳುವುದು. ಅವರ ಬಹಿರಾಕಾಶ ನಮ್ಮ ಬಾಹ್ಯಾಕಾಶ. ಅವರ ವಾಲ್‌ನಕ್ಷತ್ರಂ ನಮ್ಮ ಧೂಮಕೇತು, ಹಳಬರ ಬಾಯಲ್ಲಿ ಬಾಲಚುಕ್ಕಿ. ಗ್ರಹ, ಉಪಗ್ರಹ, ಗ್ರಹಣ ಎರಡಕ್ಕೂ ಒಂದೇ. ಕನ್ನಡ ಮಾಧ್ಯಮದ ಮಕ್ಕಳು ಎರಡೂ ಪತ್ರಿಕೆ ಓದಬೇಕೆಂದು ನನ್ನಾಸೆ. ಒಂದೇ ಸುದ್ದಿಯನ್ನು ಎರಡು ಭಾಷೆಯಲ್ಲಿ ಓದಿದರೆ ಯಾರು ಎಲ್ಲಿ ತಪ್ಪಿದ್ದಾರೆಂದೂ ತಿಳಿಯುತ್ತದೆ.

ವಾಟ್ಸಾಪಿನಲ್ಲಿ ಬಂದ ಸುದ್ದಿ ಸರಿಯಾ ಅಂತ ಹೇಗೆ ನೋಡುವುದು?

ಕೆಲವು ಸುದ್ದಿಗಳು ವರ್ಷ ವರ್ಷ ಮರಳಿ ಬರುತ್ತವೆ. ಆಗಸ್ಟ್ 27ಕ್ಕೆ ಮಂಗಳ ಗ್ರಹ ಚಂದ್ರನಷ್ಟು ದೊಡ್ಡದು ಕಾಣುತ್ತದೆ ಎನ್ನುವುದು ಒಂದು. 2003ರ ಆ ದಿನ ಮಂಗಳ ತುಂಬ ಹತ್ತಿರ ಬಂದದ್ದು ಸತ್ಯ. ಆಗಲೂ ದೂರ 5.5 ಕೋಟಿ ಕಿ.ಮೀ. ದಾಟಿತ್ತು, ಬರಿಗಣ್ಣಿಗೆ ಹೊಳೆಯುವ ಚುಕ್ಕಿಯೇ. ರಾತ್ರಿ ಹನ್ನೆರಡೂವರೆಯಿಂದ ಮೂರೂವರೆಯವರೆಗೆ ಕಾಸ್ಮಿಕ್ ಕಿರಣ ಬರುತ್ತದೆ, ಫೋನು ಆಫ್ ಮಾಡಿ ಎನ್ನುವುದು ಇನ್ನೊಂದು. ಆ ಕಿರಣಗಳು ಹಗಲೂ ರಾತ್ರಿಯೂ ಬರುತ್ತಲೇ ಇವೆ.

ಜುಲೈಯಲ್ಲಿ ಬರುವುದು 'ಅಫೀಲಿಯನ್' ಸುದ್ದಿ: ಭೂಮಿ ಸೂರ್ಯನಿಂದ ದೂರ ಹೋಗುತ್ತದೆ, ಅದಕ್ಕೇ ಚಳಿ, ಜ್ವರ, ಕೆಮ್ಮು ಎಂದು. ಭೂಮಿ ಜುಲೈ ಆರಂಭದಲ್ಲಿ 15.2 ಕೋಟಿ ಕಿ.ಮೀ. ದೂರದಲ್ಲಿರುವುದು ನಿಜ. ಆದರೆ ಜನವರಿ ಆರಂಭದಲ್ಲಿ 14.7 ಕೋಟಿ, ವ್ಯತ್ಯಾಸ ಅಷ್ಟೇ. ನಮಗೆ ಜುಲೈಯಲ್ಲಿ ತಂಪಾಗುವುದು ಮಳೆಯಿಂದ. ಆ ಸುದ್ದಿ ನಮ್ಮಲ್ಲಿ ಅಷ್ಟು ಬೇಗ ಹರಡಲು ಮೈಗೆ ತಾಗುವ ಆ ತಂಪೇ ಕಾರಣ ಇರಬೇಕು.

ನಾನು ಮಾಡುವುದಿಷ್ಟು. ಸುದ್ದಿಯಲ್ಲಿ ಇಸವಿ ಉಂಟಾ ನೋಡುತ್ತೇನೆ. ಬರೀ "ನಾಳೆ ರಾತ್ರಿ" ಎಂದಿದ್ದರೆ ಅನುಮಾನ. ಇಸ್ರೋ, ಹವಾಮಾನ ಇಲಾಖೆಯ ಜಾಲತಾಣದಲ್ಲಿ ಅದೇ ವಿಷಯ ಉಂಟಾ ನೋಡುತ್ತೇನೆ. ಆಕಾಶದ ವಿಷಯವಾದರೆ ಹೇಳಿದ ಹೊತ್ತಿಗೆ ಅಂಗಳಕ್ಕೆ ಇಳಿಯುತ್ತೇನೆ. ನಿಲ್ದಾಣದ ಸಮಯಕ್ಕೆ ಹೆವೆನ್ಸ್ ಅಬವ್ ಜಾಲತಾಣ ಸಾಕು. ನಿಮ್ಮ ಊರು ಕೊಟ್ಟರೆ ನಿಮಿಷ, ದಿಕ್ಕು ಎಲ್ಲ ಹೇಳುತ್ತದೆ.

ಮಗನಿಗೆ ಟೆಲಿಸ್ಕೋಪ್ ತೆಗೆದುಕೊಡಬೇಕೂಂತ ಉಂಟು. ಯಾವುದು ಒಳ್ಳೆಯದು?

ಮೊದಲು 7×50 ಅಥವಾ 10×50 ಬೈನಾಕ್ಯುಲರ್ ಕೊಡಿಸಿ. ಗುರುವಿನ ನಾಲ್ಕು ಚಂದ್ರರು ಅದರಲ್ಲೇ ಕಾಣುತ್ತಾರೆ, ಕೈ ಅಲುಗದಂತೆ ಕಂಬಕ್ಕೆ ಒರಗಿ ಹಿಡಿದರೆ ಸಾಕು. ಗೆಲಿಲಿಯೊ 1610ರಲ್ಲಿ ಕಂಡದ್ದು ಆ ನಾಲ್ಕನ್ನೇ. ದಿನವೂ ಅವುಗಳ ಜಾಗ ಪುಸ್ತಕದಲ್ಲಿ ಬರೆದಿಡಲಿ. ಒಂದು ವರ್ಷ ಆಸಕ್ತಿ ಉಳಿದರೆ ಆಮೇಲೆ ಟೆಲಿಸ್ಕೋಪ್. ಶನಿಯ ಬಳೆಗೆ ಅದೇ ಬೇಕು. ಅದಕ್ಕಾಗಲಿ ಬೈನಾಕ್ಯುಲರಿಗಾಗಲಿ ಕಣ್ಣಿಟ್ಟು ಸೂರ್ಯನನ್ನು ನೋಡಕೂಡದು ಎಂದು ಕೊಡುವ ದಿನವೇ ಹೇಳಿ.

ಮಳೆಗಾಲ ಬಿಟ್ಟರೆ ಯಾವ ತಿಂಗಳು ಚಂದ?

ನವೆಂಬರಿನಿಂದ ಮಾರ್ಚ್. ಡಿಸೆಂಬರ್ 13, 14ರ ರಾತ್ರಿ ಜೆಮಿನಿಡ್ಸ್ ಉಲ್ಕಾಪಾತ. ಅಕಾಲ ಮಳೆ ಬಂತೋ ಎಂದು ಅಡಕೆ ಮುಚ್ಚಲು ಎದ್ದವರು ಹತ್ತು ನಿಮಿಷ ಮೇಲೆ ನೋಡಿದರೂ ಮೂರ್ನಾಲ್ಕು ಉಲ್ಕೆ ಸಿಗಬಹುದು. ಮೇ ತಿಂಗಳ ರಾತ್ರಿ ಒಂಬತ್ತಕ್ಕೆ ದಕ್ಷಿಣದಲ್ಲಿ ತಗ್ಗಿನಲ್ಲಿ ತ್ರಿಶಂಕು ನಕ್ಷತ್ರಪುಂಜ ನಿಂತಿರುತ್ತದೆ. ದೆಹಲಿಯವರಿಗೆ ಅದು ದಿಗಂತ ಬಿಟ್ಟು ಏರುವುದೇ ಕಷ್ಟ. ಧ್ರುವ ನಕ್ಷತ್ರ ಮಾತ್ರ ನಮಗೆ ಬರೀ ಹನ್ನೆರಡು ಡಿಗ್ರಿ ಚಿಲ್ಲರೆ ಎತ್ತರ, ಚಾಚಿದ ಮುಷ್ಟಿಯ ಅಗಲಕ್ಕಿಂತ ಸ್ವಲ್ಪ ಮೇಲೆ. ಅಡಕೆ ಮರಗಳ ಹಿಂದೆ ಸಿಗುವುದಿಲ್ಲ. ಪೊಸಡಿಗುಂಪೆಯಂತಹ ಗುಡ್ಡ ಹತ್ತಬೇಕು.

ಇನ್ನು ಮುಂದಿನ ಗ್ರಹಣ?

2027ರ ಆಗಸ್ಟ್ 2ರದ್ದು ಈಜಿಪ್ಟಿನಲ್ಲಿ ಪೂರ್ಣ ಸೂರ್ಯಗ್ರಹಣ, ನಮಗೆ ಸಂಜೆ ಹೊತ್ತಿಗೆ ಪಾರ್ಶ್ವ; ಮೋಡ ಬಿಟ್ಟರೆ. 2028ರ ಡಿಸೆಂಬರ್ 31ರ ರಾತ್ರಿ ಪೂರ್ಣ ಚಂದ್ರಗ್ರಹಣ, ಹೊಸ ವರ್ಷಕ್ಕೆ ಎಚ್ಚರ ಇರುವವರಿಗೆಲ್ಲ ಕಾಣುತ್ತದೆ. 2031ರ ಮೇ 21ಕ್ಕೆ ಮತ್ತೆ ಕಂಕಣ. ಪಟ್ಟಿ ಈ ಸಲ ಕೇರಳದ ದಕ್ಷಿಣ ಭಾಗ ಮತ್ತು ತಮಿಳುನಾಡಿನ ಮೇಲೆ; ನಮಗೆ ಇಲ್ಲಿ ಸೂರ್ಯನ ದೊಡ್ಡ ಪಾಲು ಮುಚ್ಚಿದ್ದು ಕಾಣುತ್ತದೆ, ಬಳೆ ಬೇಕಾದರೆ ರೈಲು ಹತ್ತಿ ತೆಂಕಕ್ಕೆ ಹೋಗಬೇಕು. ನಾನು ಹೋಗುವವನಿದ್ದೇನೆ. ಜೊತೆಗೆ ಬರುವವರು ಈಗಲೇ ಹೇಳಿಡಿ.